ಹದಿನಾರನೆಯದಕ್ಕೆ ಬೀಪ್

ಬೀಪ್.

ಕೋಳಿಮರಿಯನ್ನು ಯಾರೋ ತುಳಿದ ಹಾಗೆ ಒಂದು ಸಣ್ಣ, ಚೂಪು ಸದ್ದು. ತೊಂಬತ್ತರ ದಶಕದ ನಡುಭಾಗ. ಲಷ್ಕರ್ ಮೊಹಲ್ಲಾದ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನು ಮೊದಲ ಸಲ ಕೇಳಿದಾಗ ನಾನು ಮೇಜಿನ ಕೆಳಗೆ ಬಗ್ಗಿ ನೋಡಿದ್ದೆ. ಏನೂ ಇರಲಿಲ್ಲ. ಹುಡುಗಿಯರು ಕಿಸಕ್ಕೆಂದರು. ನಾನು ಎದ್ದು ಸೆರಗು ಸರಿಮಾಡಿಕೊಂಡು "ಸೈಲೆನ್ಸ್ ಪ್ಲೀಸ್" ಎಂದೆ. ಕಾನ್ವೆಂಟಿನಲ್ಲಿ ಕಲಿತವರಿಗೆ ಏನೂ ತೋಚದಿದ್ದಾಗ ಬಾಯಿಗೆ ಬರುವ ಮಾತು ಅದೊಂದೇ.

ಅಷ್ಟರವರೆಗೆ ಆ ಕೋಣೆ ಬೇರೆ ಸದ್ದಿನದು. ಹದಿನೆಂಟು ಟೈಪ್‌ರೈಟರುಗಳು ಒಟ್ಟಿಗೆ ಬಡಿದುಕೊಂಡರೆ ಕೆಳಗಿನ ಅಂಗಡಿಯ ಸೂರಿನಿಂದ ಸುಣ್ಣದ ಪುಡಿ ಉದುರುತ್ತಿತ್ತು. ಅಂಗಡಿಯವರು ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಒಂದು ನೀಲಿ ಸೀರೆ ಬಿಡಿಸಿ ತೋರಿಸುತ್ತಿದ್ದರು: "ಈ ಬಿಳಿ ಚುಕ್ಕಿ ಡಿಸೈನ್ ಅಲ್ಲ ಕಣಮ್ಮ, ನಿಮ್ಮ ಟೈಪಿಂಗು." ನಾನು "ಸೋ ಸಾರಿ" ಎಂದು ಮೇಲೆ ಹತ್ತಿ ಹೋಗಿ, ಮಕ್ಕಳಿಗೆ ಇನ್ನೂ ಗಟ್ಟಿಯಾಗಿ ಹೊಡೆಯಿರಿ ಎನ್ನುತ್ತಿದ್ದೆ. ಕಾರ್ಬನ್ ಹಾಳೆ ದಾಟಿ ಮೂರನೆಯ ಪ್ರತಿಗೂ ಅಕ್ಷರ ಮೂಡಬೇಕಲ್ಲ!

ಆ ಕೋಣೆಗೆ ನಾವಿಬ್ಬರು ಇನ್‌ಸ್ಟ್ರಕ್ಟರುಗಳು. ಇಂಗ್ಲಿಷ್ ಕರೆಸ್ಪಾಂಡೆನ್ಸು, ಶಾರ್ಟ್‌ಹ್ಯಾಂಡು ನನ್ನದು. ಟೈಪಿಂಗ್ ಮೇಷ್ಟ್ರದು. ಮೇಷ್ಟ್ರು ಅಂದರೆ ಮಠದ ನಂಟಿನ ಮನೆತನದವರು, ತಂದೆಯ ಕಾಲಕ್ಕೆ ಧಾನ್ಯದ ಮಂಡಿ ಇತ್ತಂತೆ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಸ್ಕೇಲ್ ಇಟ್ಟು ಎಳೆದ ಹಾಗೆ. ಆ ಕೋಣೆಯಲ್ಲಿ ಅವರದು ಮೂವತ್ತು ವರ್ಷ, ನನ್ನದು ಹದಿನಾಲ್ಕು. ಅವರ ಕಾನೂನು ಎರಡೇ. ಪ್ರಾಕ್ಟೀಸಿನಲ್ಲಿ ಒಂದು ತಪ್ಪಾದರೂ ಅಳಿಸುವಂತಿಲ್ಲ, ಹಾಳೆ ಹರಿದು ಮೊದಲಿಂದ ಹೊಡೆಯಬೇಕು. ಟೆಸ್ಟಿನಲ್ಲಿ ಎರಡನೆಯ ಹಾಳೆಯೇ ಇಲ್ಲ. ಯಾರ ಅಳುವಿಗೂ ಅವರು ಕರಗಿದ್ದನ್ನು ನಾನು ನೋಡಿಲ್ಲ. "ಟೆಸ್ಟ್ ಅನ್ನೋದು ಒಂದೇ ಸಲ ಕಣಮ್ಮ. ಎರಡು ಸಲ ಆದ್ರೆ ಅದು ಪ್ರಾಕ್ಟೀಸು."

ನಮ್ಮ ಓನರ್ ನಂಜನಗೂಡು ರಸ್ತೆಯ ಕಡೆಯ ಒಕ್ಕಲು ಮನೆಯವರು. ಜೋರು ದನಿ, ಮೆತ್ತಗಿನ ಮನಸ್ಸು. ಒಂದು ದಿನ ಅವರು ನಾಲ್ಕು ಕಂಪ್ಯೂಟರುಗಳನ್ನು ಆಟೋದಲ್ಲಿ ತಂದು ಮಹಡಿ ಹತ್ತಿಸಿದರು. ಹಿಂದೆಯೇ ಅವರ ಸೊಸೆ, ಕೈಯಲ್ಲಿ ಫ್ಲಾಪಿಗಳ ಡಬ್ಬಿ. ಆಕೆ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದ ಹುಡುಗಿ, ಮಾತು ಕಡಿಮೆ, ಕೆಲಸ ಚುರುಕು.

"ಇನ್ಮೇಲೆ ಸ್ಪೀಡ್ ಟೆಸ್ಟೆಲ್ಲ ಇದ್ರಲ್ಲೇ," ಎಂದರು ಓನರ್. "ಕಡಕೊಳದ ಫ್ಯಾಕ್ಟ್ರಿಯೋರು ಬಂದು ಕೇಳ್ತಾವ್ರೆ, ಕಂಪ್ಯೂಟ್ರಲ್ಲಿ ನಿಮಿಷಕ್ಕೆ ನಲವತ್ತು ಪದ ಸ್ಪೀಡ್ ಇರೋರ್ನ ಕಳ್ಸಿ ಅಂತ. ಟೈಪ್‌ರೈಟರ್ ಮಾರ್ಬುಡ್ತೀನಿ. ಇನ್ನೊಂದ್ ವಿಷ್ಯ. ಕಲಿಸೋರಿಗೂ ನಲವತ್ತು ಬರ್ಬೇಕು. ಇಲ್ದಿದ್ರೆ ಮಕ್ಳು ನಗ್ತವೆ."

ಅವರು ಮೇಷ್ಟ್ರ ಕಡೆ ನೋಡಲಿಲ್ಲ. ನೋಡದೆ ಇದ್ದದ್ದರಿಂದಲೇ ಮಾತು ಯಾರಿಗೆ ಎಂದು ಎಲ್ಲರಿಗೂ ಗೊತ್ತಾಯಿತು.

ನನ್ನ ಟೆಸ್ಟ್ ಆ ವಾರವೇ ಮುಗಿಯಿತು, ನಲವತ್ತೆಂಟು ಬಂತು. ಮೇಷ್ಟ್ರು ಒಂದು ತಿಂಗಳು ಸಮಯ ಕೇಳಿ ಪ್ರಾಕ್ಟೀಸಿಗೆ ಕೂತರು. ಆ ಒಂದು ತಿಂಗಳು ತಡೆದುಕೊಂಡಷ್ಟು ನಗುವನ್ನು ನಾನು ಕಾನ್ವೆಂಟಿನ ಚಾಪೆಲಿನಲ್ಲೂ ತಡೆದುಕೊಂಡಿರಲಿಲ್ಲ. ಅವರ ಬೆರಳು ಟೈಪ್‌ರೈಟರಿನ ಬೆರಳು, ಗುದ್ದಿ ಒಂದು ಕ್ಷಣ ಅಲ್ಲೇ ನಿಲ್ಲುತ್ತಿತ್ತು. ನಿಂತರೆ ಕಂಪ್ಯೂಟರ್ ಸುಮ್ಮನಿರುತ್ತದೆಯೆ? ಒಂದು 'ಟಿ' ಹೊಡೆದರೆ ನಾಲ್ಕು 'ಟಿ'. ಅದಕ್ಕಿಂತ ಮಜಾ ಎಂದರೆ, ಪ್ರತಿ ಸಾಲಿನ ಕೊನೆಯಲ್ಲೂ ಅವರ ಎಡಗೈ ತಾನಾಗಿ ಮೇಲೆದ್ದು, ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗ ಎಡದಿಂದ ಬಲಕ್ಕೆ ತಳ್ಳುವ, ಇಲ್ಲಿ ಇಲ್ಲದ ಕ್ಯಾರೇಜನ್ನು ಹುಡುಕಿಕೊಂಡು ಹೋಗಿ, ಮಾನಿಟರಿನ ಕೆನ್ನೆಗೆ ರಪ್ ಎಂದು ಬಿಗಿಯುತ್ತಿತ್ತು. ಮೊದಲ ದಿನ ಪಕ್ಕದಲ್ಲಿದ್ದ ನೀರಿನ ಲೋಟ ಹಾರಿ ಹೋಯಿತು. ಎರಡನೆಯ ದಿನ ನಾನೇ ಲೋಟ ತೆಗೆದಿಟ್ಟೆ. ಮೂರನೆಯ ದಿನ ಓನರ್ ಮಾನಿಟರಿನ ಎಡಕ್ಕೆ ಒಂದು ದಿಂಬು ಕಟ್ಟಿಸಿದರು.

"ಏನ್ ಮೇಡಂ, ನಗ್ತಿದ್ದೀರ?" ಎಂದರು ಮೇಷ್ಟ್ರು, ತಿರುಗದೆ.

"ನೋ ನೋ, ಕೆಮ್ಮು."

"ಕೆಮ್ಮಿಗೆ ಶುಂಠಿ ತಿನ್ನಿ. ನಗುವಿಗೆ ಔಷಧಿ ಇಲ್ಲ."

ಬ್ಯಾಕ್‌ಸ್ಪೇಸನ್ನು ಮಾತ್ರ ಅವರು ಮುಟ್ಟಲಿಲ್ಲ. ಟೈಪ್‌ರೈಟರಿನ ಬ್ಯಾಕ್‌ಸ್ಪೇಸ್ ಸುಮ್ಮನೆ ಹಿಂದಕ್ಕೆ ಹೋಗುತ್ತದೆ, ಇದು ಬರೆದದ್ದನ್ನೇ ತಿಂದುಬಿಡುತ್ತದೆ. "ಮಾಡಿದ ತಪ್ಪು ಕಾಣಬೇಕು ಮೇಡಂ. ಕಾಣದೇ ಇದ್ರೆ ಕಲಿಯೋದು ಹೆಂಗೆ?" ಎನ್ನುತ್ತಿದ್ದರು. ಹಾಗಾಗಿ, ಉಳಿದ ತಪ್ಪು ಕಳೆದರೆ, ಅವರ ವೇಗ ಮೂವತ್ತೇಳು, ಮೂವತ್ತೊಂಬತ್ತು, ಒಳ್ಳೆಯ ದಿನ ನಲವತ್ತೊಂದು. ಒಳ್ಳೆಯ ದಿನ ಯಾವತ್ತು ಬರುತ್ತದೆಂದು ಯಾರು ಹೇಳಬೇಕು? ಒಮ್ಮೆ ಟೀ ಕುಡಿಯುವಾಗ ಅವರು ಹೇಳಿದ್ದರು, "ಭಾನುವಾರ ಮನೇಲಿ ಕೂತ್ರೆ ನನ್ನ ಬೆರಳು ಊಟದ ತಟ್ಟೆ ಮೇಲೇ ಹೊಡೆಯೋಕೆ ಶುರು ಮಾಡ್ತವೆ. ನಮ್ಮನೆಯವರು ತಟ್ಟೆ ಕಿತ್ಕೋತಾರೆ. ವಾರವಿಡೀ ಭಾನುವಾರ ಆಗ್ಬುಟ್ರೆ ಕಷ್ಟ ಮೇಡಂ." ಅಂದು ನಕ್ಕರು, ಆದರೆ ಟೀ ಹಾಗೇ ಉಳಿಯಿತು.

ಈಗ ಬೀಪ್‌ನ ಕತೆಗೆ ಬರುತ್ತೇನೆ.

ಟೆಸ್ಟಿನ ಕ್ರಮ ಹೀಗಿತ್ತು. ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಅಲ್ಲಿ 'ಟೆಸ್ಟ್' ಎಂದು ಹೊಡೆದು ಎಂಟರ್ ಒತ್ತಿದರೆ ಸೊಸೆ ಬರೆದ ಸ್ಕ್ರಿಪ್ಟು ಓಡುತ್ತಿತ್ತು. ಸ್ಕ್ರಿಪ್ಟು ಅಂದರೆ ಏನಮ್ಮ ಎಂದಿದ್ದಕ್ಕೆ ಆಕೆ, "ನಾವು ಊರಿಗೆ ಹೋಗೋವಾಗ ಅಡುಗೆಯವರಿಗೆ ಚೀಟಿ ಬರೆದಿಡ್ತೀವಲ್ಲ ಮೇಡಂ, ಮೊದ್ಲು ಹಾಲು ಕಾಯಿಸಿ, ಆಮೇಲೆ ಅಕ್ಕಿ ತೊಳೀರಿ ಅಂತ. ಹಂಗೇ," ಎಂದಿದ್ದಳು. ಆ ಚೀಟಿಯ ಪ್ರಕಾರ ಯಂತ್ರ ಮೊದಲು ಹೆಸರು ಕೇಳುತ್ತಿತ್ತು. ಆಮೇಲೆ ಫ್ಲಾಪಿ ಕರ್ರ್, ಕರ್ರ್ ಎಂದು ಹಲ್ಲು ಕಡಿಯುತ್ತಿತ್ತು, ನಾವು ಹದಿನೈದು ಇಪ್ಪತ್ತು ಎಣಿಸುವಷ್ಟು ಹೊತ್ತು. ಆಮೇಲೆ ಪರದೆಯ ಮೇಲೆ 'ಸ್ಟಾರ್ಟ್' ಬರುತ್ತಿತ್ತು. ಒಂದೇ ನಿಮಿಷ. ಪಕ್ಕದಲ್ಲಿಟ್ಟ ಹಾಳೆ ನೋಡಿ ಹೊಡೆಯಬೇಕು. ನಿಮಿಷ ಮುಗಿದರೆ ಯಂತ್ರವೇ ವೇಗ ತೋರಿಸುತ್ತಿತ್ತು. ಹಾಳೆಯ ಮೇಲಿನ ಕಾಗದವೂ ಒಂದೇ, ನಾನೇ ಬರೆದುಕೊಟ್ಟ ಬಿಸಿನೆಸ್ ಲೆಟರ್: 'ಡಿಯರ್ ಸರ್, ವಿತ್ ರೆಫರೆನ್ಸ್ ಟು ಯುವರ್ ಲೆಟರ್...'

ಮಕ್ಕಳ ವೇಗ ಇದ್ದಕ್ಕಿದ್ದಂತೆ ಏರತೊಡಗಿತು. ಮೂವತ್ತರವಳು ಮೂವತ್ಮೂರು, ಮೂವತ್ತಾರರವನು ಮೂವತ್ತೊಂಬತ್ತು. ಎಲ್ಲರಿಗೂ ಮೂರು, ಕರೆಕ್ಟಾಗಿ ಮೂರು. ಜೊತೆಗೆ ಫ್ಲಾಪಿ ಹಲ್ಲು ಕಡಿಯುವ ಹೊತ್ತಿನಲ್ಲಿ ಆಗಾಗ ಒಂದು ಬೀಪ್. ಉದಯಗಿರಿಯಿಂದ ಬರುತ್ತಿದ್ದ ಒಬ್ಬಳು ಮೆಕ್ಯಾನಿಕ್ ಮಗಳಿದ್ದಳು. ಅಪ್ಪನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಬೆಳೆದವಳು, ಯಾವುದನ್ನಾದರೂ ಬಿಚ್ಚದೆ ಬಿಡುವವಳಲ್ಲ. ಅವಳನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ, ಕಾನ್ವೆಂಟಿನ ಹುಬ್ಬು ಏರಿಸಿ, "ಟೆಲ್ ಮಿ ದ ಟ್ರೂತ್" ಎಂದೆ.

"ಬೈಯಲ್ಲ ಅಂದ್ರೆ ಹೇಳ್ತೀನಿ ಮಿಸ್."

"ಬೈಯಲ್ಲ."

"ಕಂಪ್ಯೂಟ್ರಿಗೆ ಒಂದು ಜೇಬೈತೆ ಮಿಸ್. ಅದು ಕರ್ ಕರ್ ಅಂತಿರೋವಾಗ ನಾವೇನ್ ಹೊಡೆದ್ರೂ ಜೇಬಿಗೆ ಹಾಕ್ಕೊಂತದೆ. ಸ್ಟಾರ್ಟ್ ಆದ ತಕ್ಷಣ ಎಲ್ಲಾ ಸುರೀತದೆ, ಈಗ ಹೊಡೆದಂಗೆ. ಆದ್ರೆ ಜೇಬಲ್ಲಿ ಹಿಡಿಯೋದು ಹದಿನೈದೇ. ಹದಿನಾರ್ನೇದು ತುರುಕಿದ್ರೆ ಕೂಗ್ತದೆ. ದುರಾಸೆ ಮಾಡಿದೋರು ಸಿಕ್ಕಾಕ್ಕೊಂತಾರೆ."

ನಾನು ಬೆರಳು ಮಡಚಿ ಎಣಿಸಿದೆ. ಡಿಯರ್, ಒಂದು ಸ್ಪೇಸು, ಸರ್, ಒಂದು ಕಾಮಾ, ಇನ್ನೊಂದು ಸ್ಪೇಸು, ವಿತ್, ಮತ್ತೊಂದು ಸ್ಪೇಸು. ಇಂಗ್ಲಿಷಿನಲ್ಲಿ ಸರಿಯಾಗಿ ಹದಿನೈದು ಒತ್ತು. ಟೈಪಿಂಗ್ ಲೆಕ್ಕದಲ್ಲಿ ಐದು ಒತ್ತಿಗೆ ಒಂದು ಪದ, ಅಂದರೆ ಮೂರು ಪದ. ನನ್ನ ಕಾಗದ ಅಷ್ಟು ಅಚ್ಚುಕಟ್ಟಾಗಿ ಕಳ್ಳತನಕ್ಕೆ ಹೊಂದುತ್ತದೆಂದು ಬರೆಯುವಾಗ ನನಗೇ ಗೊತ್ತಿರಲಿಲ್ಲ!

ಓನರ್‌ಗೆ ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಬೆಲ್ ಹೊಡೆಯುವ ಮೊದಲೇ ನಾವು ಡಿಕ್ಟೇಷನ್ನಿನ ಹೆಡ್ಡಿಂಗು, ತಾರೀಖು ಎಲ್ಲ ಬರೆದಿಟ್ಟು ಮೇಲೆ ಬ್ಲಾಟಿಂಗ್ ಪೇಪರ್ ಮುಚ್ಚಿಕೊಂಡು ದೇವತೆಗಳ ಹಾಗೆ ಕೈಕಟ್ಟಿ ಕೂರುತ್ತಿದ್ದೆವು. ನಲವತ್ತು ವರ್ಷ ಕಳೆದು ಅದೇ ಬ್ಲಾಟಿಂಗ್ ಪೇಪರು ಯಾರದೋ ಕೈಯಲ್ಲಿ ನೋಡಿದರೆ ಹೇಗೆ ಬೈಯಲಿ? "ಹದಿನಾರು ಹೊಡೀಬೇಡ, ಅಷ್ಟೇ" ಎಂದು ಒಳಗೆ ಕಳಿಸಿದೆ.

ಮೇಷ್ಟ್ರ ಟೆಸ್ಟಿನ ದಿನ ಬಂತು. ಬ್ಯಾಚಿನ ಮಕ್ಕಳೆಲ್ಲ ತಮ್ಮದು ಮುಗಿಸಿ ಗೋಡೆಗೆ ಒರಗಿ ನಿಂತಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿದ್ದರು. ವಿಭೂತಿ ಎಂದಿಗಿಂತ ದಪ್ಪ. ಕೀಬೋರ್ಡಿನ ಮುಂದೆ ಕೂತು ಹತ್ತು ಬೆರಳನ್ನೂ ಒಂದೊಂದಾಗಿ ಎಳೆದು ಲಟಿಕೆ ತೆಗೆದರು. ಎಂಟನೆಯ ಬೆರಳು ಎರಡು ಸಲ ಎಳೆದರೂ ಲಟಿಕೆ ಕೊಡಲಿಲ್ಲ. ಇವತ್ತು ಒಳ್ಳೆಯ ದಿನ ಅಲ್ಲ ಎಂದುಕೊಂಡೆ.

ಸೊಸೆ ಮೇಷ್ಟ್ರ ಹೆಸರು ಹೊಡೆದು ಎಂಟರ್ ಒತ್ತಿ ಪಕ್ಕಕ್ಕೆ ಸರಿದಳು. ಫ್ಲಾಪಿ ಕರ್ರ್ ಎಂದಿತು. ಮೇಷ್ಟ್ರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಏನೋ ಜಪಿಸಿಕೊಳ್ಳುತ್ತಿದ್ದರು.

"ಅಯ್ಯೋ ಮೇಷ್ಟ್ರೇ, ಒನ್ ಮಿನಿಟ್!" ನನ್ನ ದನಿ ನನಗೇ ಕೇಳಿಸಿತು. "ಕೀಬೋರ್ಡ್ ಮೇಲೆ ವಿಭೂತಿ ಉದುರಿದೆ."

ಉದುರಿತ್ತೋ ಇಲ್ಲವೋ, ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ. ನಾನು ಬಗ್ಗಿ, ನನ್ನ ದೊಡ್ಡ ಕರ್ಚೀಫನ್ನು ಕೀಬೋರ್ಡಿನ ಮೇಲೆ ಹಾಸಿ, ಒರೆಸುವವಳ ಹಾಗೆ ಎರಡೂ ಕೈ ಕರ್ಚೀಫಿನ ಕೆಳಗೆ ತೂರಿಸಿದೆ. ಹದಿನೈದು ಒತ್ತು. ನೋಡದೆ, ಬಗ್ಗಿ ನಿಂತು, ಬಟ್ಟೆಯ ಕೆಳಗೆ. ನನ್ನ ಜೀವಮಾನದ ಬೆಸ್ಟ್ ಟೈಪಿಂಗ್ ಅದು. ಕೊನೆಯ ಸ್ಪೇಸು ಒತ್ತಿದಾಗ ಉಸಿರು ಹಿಡಿದೆ. ಬೀಪ್ ಬರಲಿಲ್ಲ. ಕರ್ಚೀಫ್ ಕೊಡವಿ ಹಿಂದಕ್ಕೆ ಬಂದೆ. ಗೋಡೆಯ ಹತ್ತಿರ ಉದಯಗಿರಿಯ ಹುಡುಗಿ ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಸ್ಟಾರ್ಟ್.

'ಡಿಯರ್ ಸರ್, ವಿತ್' ಎಂದು ಪರದೆಯ ಮೇಲೆ ಸುರಿಯಿತು.

ಮೇಷ್ಟ್ರ ಕೈ ಇನ್ನೂ ತೊಡೆಯ ಮೇಲೇ ಇತ್ತು. ಅವರು ಪರದೆ ನೋಡಿದರು. ಹಾಳೆ ನೋಡಿದರು. ಮತ್ತೆ ಪರದೆ ನೋಡಿದರು. ಮುಂದುವರಿಸಿ ಮೇಷ್ಟ್ರೇ, ಗೋ ಆನ್, ಎಂದು ನನ್ನ ಒಳಗೆಲ್ಲ ಕೂಗು. ಅವರು ಬಲಗೈ ಎತ್ತಿದರು. ಒಂದು ತಿಂಗಳಿಂದ ಮುಟ್ಟದ ಬ್ಯಾಕ್‌ಸ್ಪೇಸಿನ ಮೇಲೆ ಕಿರುಬೆರಳಿಟ್ಟರು. ಟಪ್. ಟಪ್. ಟಪ್. ಒತ್ತಿ ಹಿಡಿದಿದ್ದರೆ ಒಂದೇ ಏಟಿಗೆ ಹೋಗುತ್ತಿತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಹದಿನೈದು ಸಲ, ಒಂದೊಂದನ್ನೇ ತೆಗೆದರು, ಅಕ್ಕಿಯಿಂದ ಕಲ್ಲು ಆರಿಸುವವರ ಹಾಗೆ. ಪರದೆ ಖಾಲಿಯಾದ ಮೇಲೆ ಬೆನ್ನು ನೆಟ್ಟಗೆ ಮಾಡಿ, 'ಡಿಯರ್' ಎಂದು ಶುರುಮಾಡಿದರು. ಎರಡು ಸಲ ದಿಂಬಿಗೆ ಹೊಡೆದರು. ಯಾರೂ ನಗಲಿಲ್ಲ.

ಮೂವತ್ತೊಂಬತ್ತು.

ನಾನು ಕೈ ಹಾಕದೇ ಇದ್ದಿದ್ದರೆ? ಆ ಹದಿನೈದು ಟಪ್ಪಿಗೆ ಹೋದ ಸಮಯದಲ್ಲಿ ಮೂರು ಪದ ಆರಾಮಾಗಿ ಬರುತ್ತಿತ್ತು. ಅದು ಒಳ್ಳೆಯ ದಿನವೇ ಆಗಿತ್ತು. ನಾನೇ ಕೆಡಿಸಿದ್ದೆ.

ಓನರ್ ಕತ್ತು ಕೆರೆದುಕೊಂಡರು. "ಬುಡಿ ಮೇಷ್ಟ್ರೇ, ನೋಡಾಣ..." ಎಂದು ಮಾತು ಮುಗಿಸದೆ ಕೆಳಗಿಳಿದು ಹೋದರು. ಮಕ್ಕಳು ಚದುರಿದರು. ಮೇಷ್ಟ್ರು ತಮ್ಮ ಡ್ರಾಯರಿನಿಂದ ಹಳೆಯ ರಿಬ್ಬನ್ ಡಬ್ಬಿ, ಎಣ್ಣೆಯ ಬಾಟಲಿ, ಬ್ರಶ್ಶು ತೆಗೆದು ಚೀಲಕ್ಕೆ ಹಾಕತೊಡಗಿದರು. ನಾನು ಪಕ್ಕಕ್ಕೆ ಹೋಗಿ ಚೀಲದ ಬಾಯಿ ಹಿಡಿದೆ.

"ಮೇಡಂ," ಎಂದರು ತಲೆ ಎತ್ತದೆ. "ಕ್ಯಾಪಿಟಲ್ ಡಿ, ಕ್ಯಾಪಿಟಲ್ ಎಸ್. ಕಾಮಾ ಆದ ಮೇಲೆ ಒಂದೇ ಸ್ಪೇಸು. ಹದಿನೈದರಲ್ಲಿ ಒಂದೂ ತಪ್ಪಿಲ್ಲ. ಈ ಕೋಣೇಲಿ ತಪ್ಪಿಲ್ಲದಂಗೆ ಹೊಡೆಯೋರು ಇಬ್ರೇ. ಒಬ್ರ ಕೈ ತೊಡೆ ಮೇಲಿತ್ತು."

ಸಿಸ್ಟರ್ ಕೈಗೆ ಸ್ಕೇಲಿನಿಂದ ಹೊಡೆದಾಗಲೂ ನನಗೆ ಅಷ್ಟು ಉರಿದಿರಲಿಲ್ಲ.

ಮೆಟ್ಟಿಲು ಎರಡೆರಡು ಹಾರಿಕೊಂಡು ಇಳಿದು ಓನರ್ ಹತ್ತಿರ ಎಲ್ಲ ಹೇಳಿಬಿಟ್ಟೆ. ಜೇಬು, ಹದಿನೈದು, ಕರ್ಚೀಫು. ಅವರು ಬಾಯಿ ಬಿಟ್ಟುಕೊಂಡು ಕೇಳಿದರು.

"ಮೇಡಂ, ನೀವು ಕಾನ್ವೆಂಟ್ನೋರು!"

"ಅದಕ್ಕೇ ಸಾರ್," ಎಂದೆ.

"ಆಯ್ತು ಬುಡಿ, ಅಂಗಾದ್ರೆ ಇನ್ನೊಂದ್ಸಲ ಕೂರ್ಲಿ ಮೇಷ್ಟ್ರು. ಅದ್ಕೇನಂತೆ?"

ಅದಕ್ಕೇನಂತೆ ಎಂದರೆ, ಮೇಷ್ಟ್ರು ಕೂರಲೊಲ್ಲರು. "ಮೂವತ್ತು ವರ್ಷ ಎಷ್ಟು ಮಕ್ಕಳು ನನ್ನ ಮುಂದೆ ನಿಂತು ಅತ್ತವೆ ಮೇಡಂ. ಒಬ್ಬರಿಗೂ ಎರಡನೇ ಹಾಳೆ ಕೊಡಲಿಲ್ಲ. ಈಗ ನಾನು ತಗೊಂಡ್ರೆ ಆ ಮಕ್ಕಳಿಗೆ ಏನು ಹೇಳಲಿ?" ಸೋಮವಾರದಿಂದ ಬರುವುದಿಲ್ಲ ಎಂದು ಓನರ್‌ಗೆ ಒಂದು ಸಾಲಿನ ಕಾಗದ ಕೊಟ್ಟರು. ಟೈಪ್‌ರೈಟರಿನಲ್ಲಿ ಹೊಡೆದದ್ದು, ಮಾರ್ಜಿನ್ ಎರಡೂ ಕಡೆ ಸಮ.

ಅದು ಗುರುವಾರ. ನನಗೆ ಇದ್ದದ್ದು ಶುಕ್ರವಾರ ಒಂದೇ, ಶನಿವಾರ ರಜೆ.

ಅವರಿಗೊಬ್ಬರಿಗೇ ಎರಡನೇ ಟೆಸ್ಟ್ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಆದರೆ ಮೊದಲನೆಯ ಟೆಸ್ಟೇ ಟೆಸ್ಟ್ ಅಲ್ಲವೆಂದು ಆಗಿಬಿಟ್ಟರೆ? ಎಲ್ಲರದೂ ರದ್ದಾದರೆ? ರಾತ್ರಿ ಕಳೆದು ಬೆಳಗಾಗುವುದರೊಳಗೆ ನನಗೆ ಚಾಪೆಲ್ ನೆನಪಾಗಿತ್ತು. ಕಾನ್ವೆಂಟಿನಲ್ಲಿ ತಿಂಗಳ ಮೊದಲ ಶುಕ್ರವಾರ ಕ್ರಿಶ್ಚಿಯನ್ ಹುಡುಗಿಯರೆಲ್ಲ ಸಾಲಾಗಿ ನಿಂತು ಕನ್‌ಫೆಷನ್ನಿಗೆ ಹೋಗುತ್ತಿದ್ದರು. ತಲೆಯ ಮೇಲೆ ಲೇಸು, ಮುಖದಲ್ಲಿ ಎಂಥ ನೆಮ್ಮದಿ! ನಾವು ಮಿಕ್ಕವರು ಕಿಟಕಿಯಿಂದ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆವು, ನಮಗೂ ಹೇಳಿಕೊಳ್ಳಲು ಪಾಪ ಬೇಕಾದಷ್ಟಿತ್ತು.

ಬೆಳಿಗ್ಗೆ ಬಾಲ್ಕನಿಯಲ್ಲಿ ಬ್ಯಾಚಿನ ಇಪ್ಪತ್ತೆರಡು ಮಕ್ಕಳನ್ನೂ ಸೇರಿಸಿ ವಿಷಯ ಹೇಳಿದೆ.

"ಮಿಸ್, ನಮ್ಗೆ ಬಂದಿರೋ ನಲವತ್ತು ಹೋಗ್ತದೆ," ಎಂದಳು ಉದಯಗಿರಿಯವಳು. ಅವಳಿಗೆ ಕಡಕೊಳದಲ್ಲಿ ಇಂಟರ್ವ್ಯೂ ಕಾಯುತ್ತಿತ್ತು.

"ನಿನ್ನ ನಲವತ್ತರಲ್ಲಿ ಮೂರು ನಿನ್ನದಲ್ಲ."

"ಆ ಮೂರು ಯಾರು ಕೊಡ್ತಾರೆ?"

"ಮೇಷ್ಟ್ರು ಕೊಡ್ತಾರೆ. ಅವರು ಇದ್ದರೆ."

ಅವಳು ಯೋಚಿಸಿದಳು. "ನಾನು ಹದಿನಾರು ಹೊಡೆದಿದ್ದೆ ಅಂತಾನೂ ಹೇಳ್ಬೋದಾ ಮಿಸ್?"

"ಹೇಳು. ಕನ್‌ಫೆಷನ್ ಈಸ್ ಕನ್‌ಫೆಷನ್."

ಹನ್ನೊಂದು ಗಂಟೆಗೆ ಓನರ್ ಕೆಳಗಿನ ಆಫೀಸ್ ರೂಮಿನಲ್ಲಿ ತಮ್ಮ ಗಾಜಿನ ಮೇಜಿನ ಹಿಂದೆ ಕೂತು ಪೇಪರ್ ಓದುತ್ತಿದ್ದರು. ಬಾಗಿಲಿನಿಂದ ಮೆಟ್ಟಿಲ ತನಕ ಸಾಲು. ಮೊದಲನೆಯವಳು ನಾನೇ.

"ಸಾರ್, ನಾನು ಹದಿನೈದು."

"ಗೊತ್ತಲ್ಲ ಮೇಡಂ, ನೆನ್ನೇನೇ..."

"ಮುಂದಿನವರು ಬನ್ನಿ," ಎಂದು ಪಕ್ಕಕ್ಕೆ ಸರಿದೆ.

"ಸಾರ್, ನಾನೂ ಹದಿನೈದು." "ಸಾರ್, ಹದಿನೈದು." "ನಾನು ಹದಿನಾರು ಹೊಡೆದೆ ಸಾರ್, ಅದು ಕೂಗ್ಬುಡ್ತು." ಒಬ್ಬ ಬಲು ಸಾಧು ಹುಡುಗ, "ಸಾರ್, ನಾನು ಹನ್ನೊಂದು. ಅಷ್ಟ್ರಲ್ಲಿ ಸ್ಟಾರ್ಟ್ ಬಂದ್ಬುಡ್ತು," ಎಂದು ಅಳುವ ಹಾಗಾದ. ಕೊನೆಯಲ್ಲಿ ನಿಂತವಳನ್ನು ಓನರ್ ದುರುಗುಟ್ಟಿ ನೋಡಿದರು.

"ನೀನು ಟೆಸ್ಟ್ ದಿನ ರಜಾ ಅಲ್ವೇನಮ್ಮ?"

"ಬಂದಿದ್ರೆ ಹೊಡೀತಿದ್ದೆ ಸಾರ್."

ಓನರ್ ಪೇಪರ್ ಮಡಚಿ ಮೇಜಿಗೆ ಕುಕ್ಕಿದರು. "ಥೂ ನಿಮ್ಮ! ಎಲ್ಲಾ ಕಳ್ರೇ ಸೇರ್ಕಂಡವ್ರಲ್ಲ ಇಲ್ಲಿ! ಕ್ಯಾನ್ಸಲ್! ಎಲ್ರುದ್ದೂ ಕ್ಯಾನ್ಸಲ್! ಒಬ್ರುದ್ದೂ ಟೆಸ್ಟೇ ಅಲ್ಲ ಅದು!" ಎಂದು ಕಿರುಚಿ, ಆಮೇಲೆ ನನ್ನ ಮುಖ ನೋಡಿದರು. ಅವರ ಮೀಸೆಯ ಒಂದು ತುದಿ ಮೇಲೆ ಹೋಯಿತು. "ಮೇಷ್ಟ್ರುದ್ದೂ ಸೇರಿ," ಎಂದರು ಸಣ್ಣಗೆ.

ಸೊಸೆ ಕೂಡಲೇ ಮೇಲೆ ಹೋಗಿ ಸ್ಕ್ರಿಪ್ಟಿನ ಚೀಟಿ ತಿದ್ದಿದಳು. ಒಂದೇ ಒಂದು ಸಾಲು ಸೇರಿಸಿದ್ದು, ಸ್ಟಾರ್ಟಿಗೆ ಸ್ವಲ್ಪ ಮುಂಚೆ. ಅದೇನೆಂದು ಕೇಳಿದೆ.

"ಬೆಳಿಗ್ಗೆ ನಲ್ಲಿ ಬಿಟ್ಟಾಗ ಪೈಪಲ್ಲಿ ನಿಂತಿರೋ ಕೆಂಪು ನೀರು ಮೊದ್ಲು ಬರತ್ತಲ್ಲ ಮೇಡಂ, ಅದನ್ನ ಚೆಲ್ಲಿ ಆಮೇಲೆ ಬಿಂದಿಗೆ ಹಿಡೀತೀವಲ್ವಾ? ಹಂಗೇ. ಜೇಬಲ್ಲಿ ಏನಾದ್ರೂ ಇದ್ಯಾ ನೋಡು, ಇದ್ರೆ ಎಸಿ, ಮತ್ತೆ ನೋಡು. ಏನೂ ಇಲ್ಲ ಅಂದಾಗ್ಲೇ ಸ್ಟಾರ್ಟ್ ಅನ್ನು. ಇಷ್ಟೇ." ಆಮೇಲೆ ಸ್ವಲ್ಪ ಕೆಂಪಾಗಿ, "ಇದನ್ನ ನಾನು ಮೊದ್ಲೇ ಬರೀಬೇಕಿತ್ತು," ಎಂದಳು.

ಸೋಮವಾರ ಮೇಷ್ಟ್ರ ಮನೆಗೆ ಹೋಗಿ ಕರೆತಂದವರು ಓನರ್ರೇ. ಏನು ಹೇಳಿದರೋ ತಿಳಿಯದು. ಮೇಷ್ಟ್ರು ಮಹಡಿ ಹತ್ತಿ ಬಂದು, ನಿಂತಿದ್ದ ಇಪ್ಪತ್ತೆರಡು ಮಕ್ಕಳನ್ನೂ, ಕೊನೆಗೆ ನನ್ನನ್ನೂ ನೋಡಿದರು. "ಎಲ್ಲರಿಗೂ ಟೆಸ್ಟ್ ಅಂದ್ರೆ ಎಲ್ಲರಿಗೂ. ನಾನೂ ಎಲ್ಲರಲ್ಲಿ ಒಬ್ಬ," ಎಂದರು. ನನ್ನ ಕಡೆ ತಿರುಗಿ, "ಮೇಡಂ, ಕರ್ಚೀಫು ಮನೇಲಿ ಬಿಟ್ಟು ಬಂದಿದ್ದೀರಾ?" ಎಂದರು. ಮಕ್ಕಳೆಲ್ಲ ಗೊಳ್ಳೆಂದವು.

ಅವರ ಸರದಿ ಬಂತು. ಸೊಸೆ ಎಂಟರ್ ಒತ್ತಿದಳು. ಫ್ಲಾಪಿ ಕರ್ರ್ ಎಂದಿತು. ಆಗ ಆ ಮನುಷ್ಯ ಮಾಡಿದ್ದನ್ನು ನಾನು ಇಂದಿಗೂ ಮರೆತಿಲ್ಲ. ತೊಡೆಯ ಮೇಲಿಂದ ಎರಡೂ ಕೈ ಎತ್ತಿ, ಹತ್ತು ಬೆರಳನ್ನೂ ಕೀಬೋರ್ಡಿನ ಮೇಲೆ ಬಿಟ್ಟು, ತಬಲಾ ನುಡಿಸಿದ ಹಾಗೆ ನುಡಿಸಿದರು. ಅರ್ಥವಿಲ್ಲದ ಅಕ್ಷರ, ಬೇಕಾದಷ್ಟು. ಮೂವತ್ತು ವರ್ಷ ಒಂದು ತಪ್ಪು ಅಕ್ಷರ ಸಹಿಸದವರು! ಹದಿನಾರನೆಯದಕ್ಕೆ ಬೀಪ್. ಹದಿನೇಳಕ್ಕೆ ಬೀಪ್. ಬೀಪ್, ಬೀಪ್, ಬೀಪ್. ಕೆಳಗಿನ ಅಂಗಡಿಯವರು "ಏನಾಯ್ತ್ರೀ?" ಎಂದು ಕೂಗಿದ್ದು ಕೇಳಿಸಿತು. ಮೇಷ್ಟ್ರು ಸರಕ್ಕನೆ ಕೈ ತೆಗೆದು ತೊಡೆಯ ಮೇಲಿಟ್ಟರು.

ಸ್ಟಾರ್ಟ್.

ಪರದೆ ಖಾಲಿ. ಒಂದು ಚುಕ್ಕಿಯೂ ಇಲ್ಲ.

ಅವರು ಬಾಯಿ ತೆರೆದು ನಕ್ಕರು. ಆ ಕೋಣೆಯಲ್ಲಿ ಅವರ ಹಲ್ಲು ನೋಡಿದ್ದು ಅದೇ ಮೊದಲು, ಮೇಲಿನ ಸಾಲಿನಲ್ಲಿ ಒಂದು ಬಿದ್ದಿತ್ತು. ನಗುತ್ತಲೇ ಹೊಡೆದರು. ದಿಂಬಿಗೆ ಮೂರು ಏಟು. ನಲವತ್ತೊಂದು.

ಉದಯಗಿರಿಯವಳಿಗೆ ಮೊದಲು ಮೂವತ್ತೆಂಟು ಬಂತು. ಮೇಷ್ಟ್ರು ಅವಳಿಗೆ ಎರಡನೆಯ ಹಾಳೆ ಕೊಡಲಿಲ್ಲ. ಆದರೆ ಮುಂದಿನ ಟೆಸ್ಟಿನ ತನಕ ಪ್ರತಿದಿನ ಒಂದು ಗಂಟೆ ಮುಂಚೆ ಬಂದು ಅವಳ ಪಕ್ಕ ಕೂತರು. ಮುಂದಿನ ಟೆಸ್ಟಿನಲ್ಲಿ ಅವಳಿಗೆ ಬಂದದ್ದು ನಲವತ್ನಾಲ್ಕು, ಮೇಷ್ಟ್ರಿಗಿಂತ ಮೂರು ಜಾಸ್ತಿ. ಕಡಕೊಳದ ಬಸ್ಸಿಗೆ ಹೋಗುವ ದಿನ ಅವಳು ಮೇಷ್ಟ್ರಿಗೆ ಸ್ವೀಟು ತಂದುಕೊಟ್ಟಳು. ಪೊಟ್ಟಣದಲ್ಲಿ ಹದಿನಾರು ಇದ್ದವು. ಮೇಷ್ಟ್ರು ಎಣಿಸಿ, ಒಂದನ್ನು ತೆಗೆದು ನನ್ನ ಕೈಗಿಟ್ಟು, "ಬೀಪ್" ಎಂದರು.

ಎರಡು ಸಾವಿರದ ನಾಲ್ಕೋ ಐದೋ ಇಸವಿಯಲ್ಲಿ ಇನ್‌ಸ್ಟಿಟ್ಯೂಟ್ ಮುಚ್ಚಿತು, ಅಲ್ಲಿ ಮೊಬೈಲ್ ಅಂಗಡಿ ಬಂತು. ಕೊನೆಯ ದಿನದ ತನಕ ಮೇಷ್ಟ್ರಿದ್ದರು. ಆ ದಿಂಬನ್ನು ಮಾತ್ರ ಅವರು ಮನೆಗೆ ಒಯ್ದರು.

ಅವರನ್ನು ನಾನು ಕಡೆಯ ಸಲ ನೋಡಿದ್ದು ರೈಲ್ವೆ ಸ್ಟೇಷನ್ನಿನ ರಿಸರ್ವೇಷನ್ ಕೌಂಟರಿನಲ್ಲಿ. ಸಾಲಿನಲ್ಲಿ ನನಗಿಂತ ಮೂರು ಜನ ಮುಂದೆ ಒಂದು ತೆಳು ಬೆನ್ನು, ಇಸ್ತ್ರಿ ಮಾಡಿದ ಬಿಳಿ ಷರಟು. ಅವರೋ ಅಲ್ಲವೋ ಎಂದು ನಾನು ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಕೌಂಟರಿನ ಗುಮಾಸ್ತನಿಗೆ ಯಂತ್ರ ನಿಧಾನವಾಯಿತೆಂದು ಸಿಟ್ಟು, ಒಂದೇ ಸಮನೆ ಕೀಲಿಗಳನ್ನು ಕುಟ್ಟಿದ. ಯಂತ್ರ ಬೀಪ್ ಎಂದಿತು.

"ಹದಿನಾರು," ಎಂದಿತು ಆ ಬೆನ್ನು, ಯಾರಿಗೂ ಅಲ್ಲ ಎನ್ನುವ ಹಾಗೆ.

ನಾನು ಹಿಂದಿನಿಂದ, "ಕರ್ಚೀಫ್ ಬೇಕಾ ಮೇಷ್ಟ್ರೇ?" ಎಂದೆ.

ತಿರುಗಿದರು. ಮುಖ ಇಳಿದಿತ್ತು, ವಿಭೂತಿಯ ಗೆರೆ ಸ್ವಲ್ಪ ಡೊಂಕು. ಸಾಲಿನಲ್ಲಿದ್ದವರೆಲ್ಲ ನೋಡುವ ಹಾಗೆ ಬಾಯಿ ತುಂಬ ನಕ್ಕರು. ಇನ್ನೂ ಎರಡು ಹಲ್ಲು ಹೋಗಿದ್ದವು. ಹೆಂಡತಿಯ ತಂಗಿಯ ಊರಿಗೆ ಇಬ್ಬರೂ ಹೋಗುತ್ತಿದ್ದೇವೆ, ನಾಲ್ಕು ದಿನಕ್ಕೆ ಎಂದರು. ನೀವು ಹೇಗಿದ್ದೀರಿ, ಕೆಮ್ಮು ಹೇಗಿದೆ ಎಂದು ಕೇಳಿದರು. "ಹಾಗೇ ಇದೆ," ಎಂದೆ. "ಔಷಧಿ ಇಲ್ಲ ಅಂದಿದ್ನಲ್ಲ," ಎಂದರು. ಅಷ್ಟರಲ್ಲಿ ಅವರ ಸರದಿ ಬಂತು. ಟಿಕೆಟ್ಟನ್ನು ಜೇಬಿಗೆ ಹಾಕಿ, ಮೇಲಿಂದ ಎರಡು ಸಲ ತಟ್ಟಿ ನೋಡಿಕೊಂಡು ಹೊರಟರು.

ಹೊರಗೆ ಹೋಗುವಲ್ಲಿ ಅರ್ಧ ಮುಚ್ಚಿದ ಒಂದು ಕಬ್ಬಿಣದ ಗೇಟಿತ್ತು. ಅವರ ಬಲಗೈ ಖಾಲಿಯೇ ಇತ್ತು. ಆದರೂ ಮೇಲೆದ್ದದ್ದು ಎಡಗೈ. ಗೇಟನ್ನು ಎಡದಿಂದ ಬಲಕ್ಕೆ ರಪ್ ಎಂದು ತಳ್ಳಿ, ಹಿಂದೆ ನೋಡದೆ ಬಿಸಿಲಿಗೆ ಇಳಿದರು.